ಗುಂಡತ್ತೆಯ ಸೇಬು

"ನಿಮ್ಮ ಏಪ್ರನ್ ರೆಡಿ ಇಲ್ಲ," ಎಂದಳು ಟೈಲರಮ್ಮ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

ಏಪ್ರನ್‌ಗಳು ರೆಡಿಯಾಗಿ, ಇಸ್ತ್ರಿಯಾಗಿ, ಅವಳ ಬೆನ್ನ ಹಿಂದೆಯೇ ಕೂತಿದ್ದವು. ನರ್ಸರಿಯವನು ಅವುಗಳನ್ನು ನೋಡಿದ, ಅವಳನ್ನು ನೋಡಿದ, ಸುಮ್ಮನೆ ಸ್ಟೂಲ್ ಎಳೆದುಕೊಂಡು ಕೂತ. ಹಣ್ಣಿನ ಗಿಡಗಳಿಗೆ ಕಸಿ ಕಟ್ಟಿ ಮಾರುವ ಈ ಮನುಷ್ಯ ಹೋದ ವಾರದವರೆಗೂ ಅವಳಿಗೆ ಇಷ್ಟವಾಗಿದ್ದ. ಇಷ್ಟವೇನು, ಅವನ ವ್ಯಾನಿನ ಸದ್ದು ಕೇಳಿದರೆ ಸಾಕು, ಅವಳ ಕೈ ತಾನಾಗಿ ಮುಂಗುರುಳಿಗೆ ಹೋಗುತ್ತಿತ್ತು. ಸುಳ್ಳು ಯಾಕೆ ಹೇಳಬೇಕು!

ಎಲ್ಲಕ್ಕೂ ಕಾರಣ ಒಂದು ಸೇಬು. ಅವಳ ಜೊತೆಗೇ ಇರುವ ಸೋದರತ್ತೆ, ಬೀದಿಗೆಲ್ಲ ಗುಂಡತ್ತೆ, ಹೋದ ವಾರ ಮಂಚದ ಕೆಳಗಿನ ಬುಟ್ಟಿಯಿಂದ ಒಂದು ಹಣ್ಣು ತೆಗೆದು ಅವನಿಗೆ ಕೊಟ್ಟಿದ್ದರು. ಅವನು ಕಚ್ಚಿದವನೇ ಹಣ್ಣನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಇಂಥ ತಳಿ ನಾನೆಲ್ಲೂ ಕಂಡಿಲ್ಲ. ಮರ ಎಲ್ಲಿದೆ?"

ಅತ್ತೆ ಕಿಟಕಿಯಾಚೆ ಎದುರು ಮನೆಯತ್ತ ಬೆರಳು ತೋರಿಸಿದರು. ಮೊದಲು ಅದು ಅತ್ತೆಯದೇ ಮನೆ. ಅಡುಗೆಮನೆಯ ಸಿಪ್ಪೆ ಸುರಿದ ಜಾಗದಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಯಾರಿಗೂ ಕೀಳಗೊಡದೆ ಬೆಳೆಸಿದವರು ಅವರು. ಕಷ್ಟಕಾಲದಲ್ಲಿ ಮನೆಯನ್ನು ಹಾರ್ಡ್‌ವೇರ್ ಅಂಗಡಿಯ ಯಜಮಾನರಿಗೆ ಮಾರುವಾಗಲೂ, ವರ್ಷಕ್ಕೊಂದು ಬುಟ್ಟಿ ಹಣ್ಣು ಕೊಡಬೇಕೆಂದು ಮಾತು ತೆಗೆದುಕೊಂಡಿದ್ದರು.

ನರ್ಸರಿಯವನು ನೆಟ್ಟಗೆ ಯಜಮಾನರ ಬಳಿ ಹೋದ. ಮರುದಿನ ಬೀದಿಯೆಲ್ಲ ಒಂದೇ ಸುದ್ದಿ: ಹೊಸ ಸೇಬಿಗೆ ಯಜಮಾನರ ಹೆಸರಂತೆ!

"ಕೋಪ ಬಂದಿದ್ಯಾ?" ಎಂದು ಈಗ ನರ್ಸರಿಯವನು ಮೆಲ್ಲಗೆ ಕೇಳಿದ.

"ನನಗ್ಯಾಕೆ ಕೋಪ? ನೀವ್ಯಾರೋ, ನಾನ್ಯಾರೋ." ಅವಳ ಕೈಯಲ್ಲಿದ್ದ ದಾರ ಪಟ್ಟಂತ ತುಂಡಾಯಿತು.

"ನನ್ನ ಹೆಸರು ಇಟ್ರೇನೇ ಕಸಿ ಕಟ್ಟೋಕೆ ಮರದ ಕಡ್ಡಿ ಕೊಡ್ತೀನಿ ಅಂದ್ರು ಯಜಮಾನ್ರು. ನಾನಿನ್ನೂ ಹೂಂ ಅಂದಿಲ್ಲ."

"ಉಹೂಂ ಅಂತಾನೂ ಅಂದಿಲ್ವಲ್ಲ!"

ಅವನು ತಲೆ ಕೆರೆದುಕೊಂಡ. "ಇದೇನು ಹೊಸದಲ್ಲ, ಟೈಲರಮ್ಮ. ಇಂಗ್ಲೆಂಡಲ್ಲಿ ಬ್ರಾಮ್ಲಿ ಅಂತ ಒಂದು ಸೇಬಿದೆ. ಬೀಜ ಹಾಕಿದ್ದು ಒಬ್ಬ ಹುಡುಗಿ. ಎಷ್ಟೋ ವರ್ಷ ಆದ್ಮೇಲೆ ಆ ಮನೆ ಕೊಂಡ ಮಾಂಸದ ಅಂಗಡಿಯವನು, ನನ್ನ ಹೆಸರೇ ಇಡಬೇಕು ಅಂತ ಹಟ ಹಿಡಿದ. ಇವತ್ತಿಗೂ ಅವನ ಹೆಸರೇ."

"ಆ ಹುಡುಗಿ ಹೆಸರು?"

"ನಮ್ಮಂಥ ಹಣ್ಣಿನ ಹುಚ್ಚರನ್ನ ಬಿಟ್ರೆ ಯಾರಿಗೆ ಗೊತ್ತು?"

ಟೈಲರಮ್ಮನ ಕಣ್ಣು ತುಂಬಿಬಂತು. "ಅತ್ತೆಗೆ ಮಕ್ಕಳಿಲ್ಲ. 'ನನ್ನ ಹೆಸರು ಹೇಳೋಕೆ ನೀನೊಬ್ಬಳು, ಆ ಮರ ಒಂದು' ಅಂತಿರ್ತಾರೆ. ಮನೆ ಹೋದಾಗ ಅವರು ಅಳಲಿಲ್ಲ. ಈ ಸುದ್ದಿ ಕೇಳಿದಾಗಿನಿಂದ ಎದುರು ಮನೆ ಕಡೆ ಕಿಟಕಿ ತೆಗೆದಿಲ್ಲ."

ನರ್ಸರಿಯವನ ಮುಖ ಸಪ್ಪಗಾಯಿತು. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, "ಗ್ರ್ಯಾನಿ ಸ್ಮಿತ್ ಅಂತ ಹಸಿರು ಸೇಬು ಬರುತ್ತಲ್ಲ, ಅದು ಯಾರ ಹೆಸರು ಗೊತ್ತಾ?" ಎಂದ.

"ಯಾರೋ ದೊಡ್ಡ ಮನುಷ್ಯರಿರಬೇಕು."

"ಒಬ್ಬ ಅಜ್ಜಿ. ಎಸೆದ ಹಣ್ಣಿಂದ ಹುಟ್ಟಿದ ಗಿಡ ಅಂತಾರೆ ಅದನ್ನೂ. ಹೆಸರು ಅಜ್ಜಿಗೇ ಉಳೀತು. ಹಾಗೂ ಆಗುತ್ತೆ." ಅವನು ಅವಳನ್ನೇ ನೋಡುತ್ತಿದ್ದ; ಎಷ್ಟು ಪ್ರಯತ್ನಪಟ್ಟರೂ ಅವಳ ದಾರ ಸೂಜಿಗೆ ಸೇರಲಿಲ್ಲ. "ನಾಳೆ ಬೆಳಿಗ್ಗೆ ಅತ್ತೇನ ಕರ್ಕೊಂಡು ಎದುರು ಮನೆಗೆ ಬನ್ನಿ. ಏಪ್ರನ್ ಆಮೇಲೆ ಕೊಡಿ, ರೆಡಿ ಆದ್ರೆ." ಅವಳ ಬೆನ್ನ ಹಿಂದೆ ಕಣ್ಣು ಹಾಯಿಸಿ, ನಗು ನುಂಗಿಕೊಂಡು ಹೋದ.

ಬೆಳಿಗ್ಗೆ ಯಜಮಾನರು ಗರಿಗರಿ ಶರ್ಟು ತೊಟ್ಟು, ಬೀದಿಯ ಜನರನ್ನೆಲ್ಲ ಕರೆದು, ಮರದ ಕೆಳಗೆ ನಿಂತಿದ್ದರು. ಗುಂಡತ್ತೆ ಗೇಟಿನ ಹತ್ತಿರವೇ ನಿಂತರು. ನರ್ಸರಿಯವನು ಕೊಂಬೆಯಲ್ಲಿ ಉಳಿದಿದ್ದ ಒಂದು ಹಣ್ಣು ಕಿತ್ತು, ಒರೆಸಿ, ಯಜಮಾನರ ಮುಂದೆ ಹಿಡಿದ.

"ನಿಮ್ಮ ಹೆಸರು ಹೊರೋ ಹಣ್ಣು, ಒಂದ್ಸಲ ರುಚಿ ನೋಡಿಬಿಡಿ. ಆದ್ರೆ ಕಿತ್ತ ತಕ್ಷಣ ಹುಳಿ ಇರುತ್ತೆ. ಒಂದು ತಿಂಗಳು ಇಟ್ಟು ತಿಂದ್ರೆ..."

"ನನ್ನ ಮರದ ಹಣ್ಣು ನನಗೆ ಗೊತ್ತಿಲ್ವೇನಯ್ಯಾ?" ಎಂದರು, ಹಣ್ಣೆಂದರೆ ಸದಾ ಮೂಗು ಮುರಿಯುವ ಯಜಮಾನರು. ಬಾಯ್ತುಂಬ ಕಚ್ಚಿದರು.

ಅಬ್ಬಬ್ಬಾ, ಆ ಮುಖ! ಒಂದು ಕಣ್ಣು ಮುಚ್ಚಿತು, ಕಿವಿ ಅಲುಗಾಡಿತು, ಮೀಸೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಥೂ! ಇದಕ್ಕೆ ನನ್ನ ಹೆಸರಾ? ನಾಳೆಯಿಂದ ನನ್ನನ್ನೇ ಹುಳಿ ಯಜಮಾನ ಅಂತಾರೆ! ಕಡ್ಡಿ ಎಷ್ಟು ಬೇಕೋ ತಗೊಂಡು ಹೋಗು, ಯಾರ ಹೆಸರಾದ್ರೂ ಇಟ್ಕೋ!"

"ಒಂದು ತಿಂಗಳು ಇಟ್ಟು..."

"ಒಂದು ವರ್ಷ ಇಟ್ರೂ ಬೇಡ!"

ನರ್ಸರಿಯವನು ಗೇಟಿನತ್ತ ತಿರುಗಿದ. "ಹಾಗಾದ್ರೆ ಇದರ ಹೆಸರು ಗುಂಡತ್ತೆ."

"ಲೋ, ನನ್ನನ್ನೇ ಅಣಕಿಸ್ತೀಯೇನೋ?" ಎಂದು ಅತ್ತೆ ಗದರಿದರು. ಗದರುವಾಗಲೇ ದನಿ ಒಡೆಯಿತು. ಮೆಲ್ಲಗೆ ಬಂದು ಮರದ ಮೈ ಸವರಿ, "ಕೇಳಿಸ್ತಾ? ನಿನಗೆ ನನ್ನ ಹೆಸರಂತೆ ಕಣೇ," ಎಂದರು. ಟೈಲರಮ್ಮ ಅತ್ತುಬಿಟ್ಟಳು.

ಮಧ್ಯಾಹ್ನ ಅವನು ಏಪ್ರನ್‌ಗೆ ಬಂದ. ಎದುರು ಮನೆಯ ಕಡೆಗಿನ ಅತ್ತೆಯ ಕಿಟಕಿ ಮತ್ತೆ ತೆರೆದಿತ್ತು.

"ನಿಜ ಹೇಳಿ, ಬೇಕಂತಲೇ ಮರದಿಂದ ಕಿತ್ತು ಕೊಟ್ರಿ ತಾನೇ?"

"ನಾನು ಹೇಳ್ದೆ. ಅವರು ಕೇಳಿಸ್ಕೊಳ್ಳಲಿಲ್ಲ."

"ಕಳ್ಳ!"

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, "ಮೊದಲು ನಾನು ಬೇರೆ ಹೆಸರು ಯೋಚಿಸಿದ್ದೆ. ಬೈಯಲ್ಲ ಅಂದ್ರೆ ಹೇಳ್ತೀನಿ," ಎಂದ.

"ಹೇಳಿ."

"ಸಿಡುಕಿ."

ಅವಳ ಹುಬ್ಬು ಮೇಲೇರಿತು. "ಯಾಕಂತೆ?"

"ಮೊದಲು ಹುಳಿ, ಕಾದವನಿಗೆ ಸಿಹಿ. ನಾನು ಎರಡು ವರ್ಷದಿಂದ ಕಾಯ್ತಿದ್ದೀನಿ. ನನ್ನ ನರ್ಸರಿಲಿ ಇರೋದೇ ಮೂರು ಜನ. ಇಷ್ಟೊಂದು ಏಪ್ರನ್ ಯಾಕೆ ಹೊಲಿಸ್ತಾನೆ ಅಂತ ಒಂದ್ಸಲಾನೂ ಅನುಮಾನ ಬರಲಿಲ್ವಾ?" ಅವನ ಕಿವಿ ಕೆಂಪಾಗಿತ್ತು. "ನೀವಂದ್ರೆ ನನಗೆ ಪ್ರಾಣ, ಟೈಲರಮ್ಮ."

ಒಳಗಿನಿಂದ ಗುಂಡತ್ತೆ ಬೇಕಂತಲೇ ಕೆಮ್ಮಿದರು.

ಅವಳು ಏಪ್ರನ್ ಕಟ್ಟನ್ನು ಅವನ ಕೈಗಿಟ್ಟಳು. ತಾನು ಹಿಡಿದ ತುದಿ ಮಾತ್ರ ಬಿಡಲಿಲ್ಲ.

"ಆ ಹೆಸರನ್ನ ಯಾವ ಹಣ್ಣಿಗೂ ಇಡಬೇಡಿ."

"ಇಡಲ್ಲ."

"ನೀವೊಬ್ಬರೇ ಕರೆಯೋದಕ್ಕೆ ಇಟ್ಕೊಳ್ಳಿ."

ಅವನು ಕರೆದ. ಅವಳು ಓಗೊಟ್ಟಳು.