ಮೂರನೇ ಮಹಡಿಯ ಕಿವಿ

"ಮಾತಾಡೋಕೆ ಕುರ್ಚಿ ಬಿಟ್ಟು ಬೇರೆ ಯಾರೂ ಸಿಗಲಿಲ್ವಾ ಅಣ್ಣಾ?" ಪೇಂಟರ್ ನಗುತ್ತಾ ಏಣಿ ಹೆಗಲಿಗೇರಿಸಿ ಹೊರಟುಹೋದ.

ಬಡಗಿ ಕುರ್ಚಿಗೆ ಇನ್ನೊಂದು ಮೊಳೆ ಹೊಡೆದ. ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಸದ್ದು ಮಾಡುವುದು ಕುಕ್ಕರ್ ಒಂದೇ. ಕುರ್ಚಿಗಳಾದರೂ ಕೂತು ಕೇಳುತ್ತವೆ.

ನೂರು ವರ್ಷ ದಾಟಿದ ಒಪೇರಾ ಹೌಸ್ ಅದು. ಹಾಡುಗಾರರು ಹೋಗಿ ಸಿನಿಮಾ ಬಂತು, ಸಿನಿಮಾ ಹೋಗಿ ಬೀಗ ಬಿತ್ತು. ಈಗ ರಿಪೇರಿ. ಅವನದು ಕುರ್ಚಿ ಕೆಲಸ. ಮೂರನೇ ಮಹಡಿಯ ಎಡಗಡೆ, ನಾಲ್ಕು ಸೀಟಿನ ಗೂಡಿನಂಥ ಬಾಕ್ಸ್‌ನಲ್ಲಿ ಹಳೇ ಕಾಗದ ಹರಡಿಕೊಂಡು ಕೂತ ಮೇಡಂ ಕಟ್ಟಡದ ಇತಿಹಾಸ ಬರೆಯುತ್ತಿದ್ದಳು. ನಾಲ್ಕು ತಿಂಗಳಲ್ಲಿ ಇಬ್ಬರ ನಡುವೆ ನಡೆದದ್ದು ಬರೀ ನಮಸ್ಕಾರ. ಅವಳ ಕನ್ನಡಕ ಬಾಕ್ಸಿನ ಕಂಬಿಯ ಮೇಲಿಂದ ಇಣುಕಿದಾಗೆಲ್ಲ ಅವನ ಸುತ್ತಿಗೆ ಮಾತ್ರ ಮೊಳೆ ಬಿಟ್ಟು ಹೆಬ್ಬೆರಳಿಗೇ ಬೀಳುತ್ತಿತ್ತು.

ಇವತ್ತು ಅವಳ ಕೆಲಸ ಮುಗಿಯಿತು. ಚೀಲ ಹಾಕಿಕೊಂಡು ಕೆಳಗೆ ಬಂದಳು.

"ಒಂದು ಪುಟ ಓದ್ತೀನಿ. ತಪ್ಪಿದ್ರೆ ಹೇಳಿ."

"ಇತಿಹಾಸ ನನಗೇನು ಗೊತ್ತು ಮೇಡಂ?"

"ಇದು ಗೊತ್ತಿರುತ್ತೆ." ಓದಿದಳು: "'ಮೈಕ್ ಇಲ್ಲದ ಕಾಲದ ಗುಮ್ಮಟವಿದು. ಮೊದಲ ಸಾಲಿನ ನಡುವೆ ನಿಂತು ಪಿಸುಗುಟ್ಟಿದರೂ ಮೂರನೇ ಮಹಡಿಯ ಎಡಗಡೆ ಬಾಕ್ಸ್‌ಗೆ ಸ್ಪಷ್ಟವಾಗಿ ಕೇಳುತ್ತದೆ.'"

ಬಡಗಿ ತನ್ನ ಕೆಲಸದ ಮೇಜು ನೋಡಿದ. ಮೊದಲ ಸಾಲು. ನಟ್ಟನಡುವೆ.

"ಎಲ್ಲಾ... ಕೇಳಿಸ್ತಿತ್ತಾ?"

"'ನೋಡು ಕುರ್ಚಿಯಮ್ಮಾ, ಮೇಡಂ ಪೆನ್ಸಿಲ್ ತಲೇಲಿ ಸಿಕ್ಕಿಸಿಕೊಂಡು ಊರೆಲ್ಲಾ ಹುಡುಕ್ತಿದ್ದಾರೆ.' ನೀವು ಹೇಳಿದ್ಮೇಲೇ ಸಿಕ್ಕಿದ್ದು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. "ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ." ಅವಳ ದನಿ ಇಳಿಯಿತು. "ನನ್ನ ರೂಮಲ್ಲೂ ಮಾತಾಡೋರು ಯಾರಿಲ್ಲ. ಒಂದಿನ ನನ್ನ ಹತ್ರಾನೇ ಆಡ್ತೀರೇನೋ ಅಂತ ಕಾದೆ."

ಅವನು ಮೇಜಿನ ಮೇಲಿನ ಮರದ ಹೊಟ್ಟು ಒರೆಸತೊಡಗಿದ. ಅವಳು ಒಂದು ಗಳಿಗೆ ನಿಂತಳು.

"ಛತ್ರಿ ಮೇಲೇ ಮರೆತೆ. ತಗೊಂಡು ಹಾಗೇ ಹಿಂದಿನ ಬಾಗಿಲಿಂದ ಹೋಗ್ತೀನಿ."

ಮೆಟ್ಟಿಲ ಮೇಲೆ ಹೆಜ್ಜೆಗಳು. ಒಂದನೇ ಮಹಡಿ, ಎರಡನೆಯದು, ಮೂರನೆಯದು. ಆಮೇಲೆ ಹೆಜ್ಜೆ ಸದ್ದು ನಿಂತಿತು.

ಬಡಗಿ ಮೇಜಿನ ಮೇಲಿದ್ದ ಕಾಲು ಮುರಿದ ಕುರ್ಚಿಯತ್ತ ಬಗ್ಗಿದ.

"ಕುರ್ಚಿಯಮ್ಮಾ, ಹೋಗಬೇಡಿ ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ. ನೀನಾದ್ರೂ ಹೇಳು. ಅವರಿಲ್ಲದಿದ್ರೆ ನಾಳೆಯಿಂದ ನಿನ್ನ ಹತ್ರಾನೂ ನನಗೆ ಮಾತು ಹುಟ್ಟಲ್ಲ."

ಹಿಂದಿನ ಬಾಗಿಲ ಸದ್ದಿಗಾಗಿ ಕಿವಿಗೊಟ್ಟು ಕಣ್ಣು ಮುಚ್ಚಿ ನಿಂತ.

ಮೂರನೇ ಮಹಡಿಯಲ್ಲಿ ಚೀಲವೊಂದನ್ನು ಮೆಲ್ಲಗೆ ನೆಲಕ್ಕಿಟ್ಟ ಸದ್ದು ಗುಮ್ಮಟ ಬಳಸಿ ಅವನ ಕಿವಿಯ ಪಕ್ಕದಲ್ಲೇ ಕೇಳಿಸಿತು.