ಬಾಗಿಲು ಹಾಕಿ ಓದಿದ ಕಥೆ

“ಇಲ್ಲಿ ಕತ್ತರಿ ಅಂದ್ರೆ ಯಾರು?”

ಬಾಗಿಲಲ್ಲಿ ನಿಂತವನ ದನಿ ಕೇಳಿ ಅವಳು ತಲೆ ಎತ್ತಿದಳು. ಗ್ರೀಸ್ ಹತ್ತಿದ ನೀಲಿ ಅಂಗಿ, ಭುಜಕ್ಕೆ ಸ್ಪ್ಯಾನರುಗಳ ಚೀಲ, ಮೂಗಿನ ತುದಿಯಲ್ಲೇ ಕೋಪ. ಮುಖ ಹೊಸದು. ಆದರೆ ಆ ದನಿಯನ್ನು ಅವಳು ಎಷ್ಟೋ ಸಲ ಹೆಡ್‌ಫೋನಿನಲ್ಲಿ ಕೇಳಿದ್ದಳು.

‘ಅಯ್ಯೋ... ಲಿಫ್ಟ್‌ನವನು!’

“ನಾನೇ. ಏನಾಗ್ಬೇಕಿತ್ತು?”

“ಒಂದೇ ಕಥೇನ ಎಷ್ಟು ಸಲ ವಾಪಸ್ ಕಳಿಸ್ತೀರಿ? ನಾನೇನು ಕೆಲಸ ಇಲ್ಲದೆ ಕೂತಿದ್ದೀನಾ?”

ರೂಮಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ಮೇಷ್ಟ್ರು ಮಾತ್ರ ಪುಸ್ತಕದಲ್ಲಿ ಮುಖ ಹುದುಗಿಸಿ ಏನೂ ಕೇಳಿಸದವರ ಹಾಗೆ ನಟಿಸಿದರು.

ಅದು ಲೈಬ್ರರಿಯ ಹಿಂದಿನ ರೂಮು. ಮುರಿದ ಕುರ್ಚಿಗಳನ್ನು ಒಂದು ಮೂಲೆಗೆ ತಳ್ಳಿ, ಗೋಡೆಗೆ ಹಳೆಯ ಕಂಬಳಿ ಹೊಡೆದು, ಅದನ್ನೇ ಸ್ಟುಡಿಯೋ ಎಂದು ಕರೆದುಕೊಂಡಿದ್ದರು. ನಿವೃತ್ತ ಮೇಷ್ಟ್ರು ಕಟ್ಟಿದ ಗುಂಪು. ಹಳೆಯ ಕಾಲದ ವೈಜ್ಞಾನಿಕ ಕಥೆಗಳನ್ನು ಓದಿ, ದನಿ ಮುದ್ರಿಸಿ, ಬಿಟ್ಟಿಯಾಗಿ ಇಂಟರ್‌ನೆಟ್ಟಿಗೆ ಹಾಕುವುದು ಇವರ ಹುಚ್ಚು. ಬರೆದವರು ಎಂದೋ ತೀರಿಕೊಂಡು, ಹಕ್ಕಿನ ಅವಧಿಯೂ ಮುಗಿದು, ಈಗ ಯಾರಪ್ಪನ ಆಸ್ತಿಯೂ ಅಲ್ಲದ ಕಥೆಗಳು. ಅವುಗಳಲ್ಲಿ ರಾಕೆಟ್ಟುಗಳು ಕಲ್ಲಿದ್ದಲಿನಿಂದ ಓಡುತ್ತಿದ್ದವು. ಮಂಗಳ ಗ್ರಹದ ಜನ ಟೋಪಿ ತೆಗೆದು ನಮಸ್ಕಾರ ಮಾಡುತ್ತಿದ್ದರು.

ಕೆಲವರು ಓದುತ್ತಿದ್ದರು, ಕೆಲವರು ಓದಿದ್ದನ್ನು ಕೇಳಿ ತಪ್ಪು ಹುಡುಕುತ್ತಿದ್ದರು. ಇವಳು ಹುಡುಕುವವಳು. ವಾರವಿಡೀ ಕಿವಿಯ ಆಸ್ಪತ್ರೆಯಲ್ಲಿ ಜನರಿಗೆ ಶ್ರವಣ ಪರೀಕ್ಷೆ ಮಾಡುವ ಕೆಲಸ. ಅವಳಿಂದ ಒಂದು ಕೆಮ್ಮೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅದಕ್ಕೇ ಕತ್ತರಿ ಎಂಬ ಬಿರುದು. ಲಿಫ್ಟ್ ರಿಪೇರಿ ಮಾಡುವ ಇವನು ಗುಂಪಿಗೆಲ್ಲ ಲಿಫ್ಟ್‌ನವನು.

“ನಿಮ್ಮ ಓದು ಚೆನ್ನಾಗಿದೆ,” ಎಂದಳು. “ಆದ್ರೆ ಹಿಂದೆ ಒಂದು ಸದ್ದು ಬರುತ್ತೆ. ಗುಂಯ್ ಅಂತ. ಫ್ಯಾನೋ ಪಂಪೋ ಏನೋ. ಅದನ್ನ ಆಫ್ ಮಾಡಿ ಓದಿ.”

“ಅದನ್ನ ಆಫ್ ಮಾಡೋಕಾಗಲ್ಲ.”

“ಯಾಕೆ?”

“ಆಗಲ್ಲ ಅಂದೆನಲ್ಲ.”

“ಹಾಗಾದ್ರೆ ಬೇರೆ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ಓದಿ. ಅದಕ್ಕೂ ಆಗಲ್ವಾ?”

ಅವನು ಚೀಲ ಸರಿಮಾಡಿಕೊಂಡು ಹೊರಡಲು ತಿರುಗಿದ. ಅಷ್ಟೊತ್ತಿಗೆ ಮೇಷ್ಟ್ರು ಎದ್ದು ಬಂದರು.

“ಜಗಳ ಸಾಕು. ನಿನಗೆ ಬಿಡುವಾದಾಗ ಇಲ್ಲೇ ಬಂದು ಓದಪ್ಪ. ಇವಳು ಎದುರಿಗೇ ಕೂತು ಕೇಳಲಿ. ವಾಪಸ್ ಕಳಿಸೋ ತಾಪತ್ರಯವೇ ಇರಲ್ಲ.”

ಮೇಷ್ಟ್ರು ಜಗಳ ಬಿಡಿಸಿದರೋ ಬೇರೇನೋ ಗಂಟು ಹಾಕಿದರೋ, ಅವರಿಗೇ ಗೊತ್ತು.

ಅವನು ಬರತೊಡಗಿದ. ಪ್ರತಿ ವಾರವಲ್ಲ. ಅಕ್ಕನಿಗೆ ರಜೆ ಇದ್ದ ಭಾನುವಾರ ಮಾತ್ರ. ಅಕ್ಕನ ರಜೆಗೂ ಇವನ ಓದಿಗೂ ಏನು ಸಂಬಂಧ ಎಂದು ಕೇಳಿದರೆ, “ಮನೇಲಿ ಯಾರಾದ್ರೂ ಇರ್ಬೇಕು” ಎಂದಷ್ಟೇ ಹೇಳುತ್ತಿದ್ದ. ಕಂಬಳಿಯ ಮುಂದೆ ಕುಳಿತು ಗಂಟಲು ಸರಿಮಾಡಿಕೊಂಡು ಶುರುಮಾಡಿದನೆಂದರೆ, ಆ ಕಲ್ಲಿದ್ದಲಿನ ರಾಕೆಟ್ಟನ್ನೂ ನಂಬಬೇಕು ಅನ್ನಿಸುತ್ತಿತ್ತು.

“ನಿಮಗೆ ಈ ಕಥೆಗಳ ಹುಚ್ಚು ಹೇಗೆ ಹಿಡೀತು?” ಎಂದು ಒಮ್ಮೆ ಕೇಳಿದಳು.

“ಹುಚ್ಚು ಅಮ್ಮಂದು. ಅಚ್ಚಿನ ಮೊಳೆ ಜೋಡಿಸೋ ಕೆಲಸ ಮಾಡ್ತಿದ್ರು. ಇಂಥ ಕಥೆಗಳ ವಾರಪತ್ರಿಕೆ ಬರ್ತಿತ್ತಂತೆ ಆ ಪ್ರೆಸ್ಸಿಂದ. ಒಬ್ಬೊಬ್ರಿಗೆ ಎರಡೆರಡು ಪುಟ ಹಂಚ್ತಿದ್ರು. ಅಮ್ಮನಿಗೆ ಯಾವಾಗಲೂ ನಡುವಿನ ಪುಟಾನೇ ಸಿಗೋದು.”

“ಅಂದ್ರೆ ಕೊನೆ ಏನಾಯ್ತು ಅಂತ ಗೊತ್ತಾಗ್ತಾನೇ ಇರ್ಲಿಲ್ವಾ?”

“ಗೊತ್ತಾಗ್ತಿರ್ಲಿಲ್ಲ. ಈಗ ನನ್ನ ಕೈಲಿ ಓದಿಸಿ ವಸೂಲಿ ಮಾಡ್ಕೊಳ್ತಿದ್ದಾರೆ.”

ಅವನು ನಕ್ಕ. ಅವಳೂ ನಕ್ಕಳು. ಆ ನಗುವಿನಲ್ಲಿ ಅವಳಿಗೆ ಇನ್ನೊಂದು ಪ್ರಶ್ನೆ ಕೇಳಬೇಕು ಅನ್ನಿಸಲಿಲ್ಲ. ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಬಹಳ ಕೊರಗಿದಳು.

ಗುಂಪು ಓದುತ್ತಿದ್ದ ಕಥೆಗಳ ಪುಸ್ತಕ ಮುಗಿಯಲು ಒಂದೇ ಕಥೆ ಬಾಕಿ ಉಳಿಯಿತು. ಅದು ಅವನ ಪಾಲಿನದು. ಚಂದ್ರನ ಮೇಲಿನ ಊರಿನಲ್ಲಿ ಬೀಗ ರಿಪೇರಿ ಮಾಡುವ ಒಬ್ಬ ಮುದುಕನ ಕಥೆ. ಆದರೆ ಅಕ್ಕನಿಗೆ ರಜೆಯೇ ಸಿಗಲಿಲ್ಲ. ಭಾನುವಾರಗಳು ಖಾಲಿ ಖಾಲಿ ಹೋದವು. ಬಾಗಿಲ ಕಡೆ ನೋಡಿ ನೋಡಿ ಅವಳಿಗೆ ಕತ್ತು ನೋವು ಬಂತು. ತಡೆಯಲಾರದೆ ಮೆಸೇಜ್ ಕಳಿಸಿದಳು.

“ಕೊನೆ ಕಥೆ ಈ ವಾರ ಕಳಿಸಿ. ಮನೆಯಲ್ಲೇ ಓದಿ ಪರವಾಗಿಲ್ಲ. ಬಾಗಿಲು ಮಾತ್ರ ಹಾಕ್ಕೊಳ್ಳಿ. ಇಲ್ಲಾಂದ್ರೆ ಮತ್ತೆ ಕತ್ತರಿ!”

ಒಂದು ಮಧ್ಯಾಹ್ನ ಕಥೆ ಬಂತು. ಆಸ್ಪತ್ರೆಯಲ್ಲಿ ರೋಗಿಗಳಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲೇ ಕುಳಿತು ಹೆಡ್‌ಫೋನ್ ಹಾಕಿಕೊಂಡಳು. ಗುಂಯ್ ಎಂಬ ಸದ್ದಿಲ್ಲ. ಅವನ ದನಿ ಒಂದೇ. ಇಷ್ಟು ಹತ್ತಿರ, ಇಷ್ಟು ಸ್ವಚ್ಛ... ಅವಳು ಕಣ್ಣು ಮುಚ್ಚಿದಳು. ಮುದುಕ ಬೀಗಕ್ಕೆ ಎಣ್ಣೆ ಬಿಟ್ಟ. ಕಥೆಯಲ್ಲಿ ಯಾರೋ ಅಳುತ್ತಿದ್ದರು. ಯಾಕೆ ಅಳುತ್ತಿದ್ದರು ಎಂಬುದು ಅವಳ ತಲೆಗೇ ಹೋಗಲಿಲ್ಲ.

‘ಈ ದನಿಯನ್ನ ಜೀವನ ಪೂರ್ತಿ ಕೇಳ್ತಾ ಇರಬಹುದು...’

ಕಥೆ ಮುಗಿದಾಗ ಅವಳ ಕೆನ್ನೆ ಬಿಸಿಯಾಗಿತ್ತು. ನಾಚಿಕೆಯನ್ನು ತಮಾಷೆಯಲ್ಲಿ ಮುಚ್ಚಿ ಉತ್ತರ ಬರೆದಳು.

“ಒಂದೇ ಒಂದು ಸದ್ದಿಲ್ಲ. ಪಾಸ್! ಇದಕ್ಕೆ ಇಷ್ಟು ದಿನ ಬೇಕಾಯ್ತಾ?”

ಉತ್ತರ ಬರಲಿಲ್ಲ. ಮರುದಿನವೂ ಇಲ್ಲ, ಆ ವಾರವೂ ಇಲ್ಲ. ಭಾನುವಾರ ಅವನೂ ಬರಲಿಲ್ಲ. ಮೊದಲು ಕಾದಳು, ಆಮೇಲೆ ಮುನಿಸಿಕೊಂಡಳು. ತಾನೇ ಏನೇನೋ ಕಲ್ಪಿಸಿಕೊಂಡು ಗಾಳಿಗೋಪುರ ಕಟ್ಟಿದೆನಾ ಎಂದು ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಇನ್ನೊಂದು ಮೆಸೇಜ್ ಹೋಯಿತು.

“ಕೆಲಸ ಮುಗೀತು, ಪರಿಚಯಾನೂ ಮುಗೀತಾ? ಸರಿ ಬಿಡಿ.”

ಅದಕ್ಕೂ ಉತ್ತರವಿಲ್ಲ.

ಮುಂದಿನ ಭಾನುವಾರ ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದರು. ಅವರ ಮುಖದಲ್ಲಿ ಎಂದಿನ ಕಳೆ ಇರಲಿಲ್ಲ.

“ಲಿಫ್ಟ್‌ನವನ ಅಮ್ಮ ಹೋಗ್ಬಿಟ್ರಂತೆ. ನನಗೂ ಇವತ್ತೇ ಗೊತ್ತಾಗಿದ್ದು. ಶ್ವಾಸಕೋಶ ಪೂರ್ತಿ ಕೆಟ್ಟಿತ್ತಂತೆ. ಅಚ್ಚಿನ ಸೀಸದ ಧೂಳೋ ಏನೋ. ಹಗಲೂ ರಾತ್ರಿ ಆಕ್ಸಿಜನ್ ಮಷೀನಿನ ಮೇಲೇ ಇದ್ರಂತೆ.”

“ಮಷೀನು...”

“ಹೂಂ. ಒಂದು ಕ್ಷಣಾನೂ ಆಫ್ ಮಾಡೋ ಹಾಗಿರ್ಲಿಲ್ಲ ಪಾಪ.”

ಗುಂಯ್... ಎಷ್ಟು ಸಲ ಆ ಸದ್ದಿಗೆ ಕೆಂಪು ಗುರುತು ಹಾಕಿದ್ದಳು. ಒಬ್ಬ ತಾಯಿಯ ಉಸಿರನ್ನು ತಪ್ಪು ಎಂದು ವಾಪಸ್ ಕಳಿಸಿದ್ದಳು.

“ಯಾವತ್ತು ಹೋದ್ರು ಮೇಷ್ಟ್ರೇ?” ಎಂದು ಕೇಳಿದಳು. ಅವರು ಹೇಳಿದರು. ಅದು ಕಥೆ ಬಂದ ದಿನವೇ, ಅದೇ ಮಧ್ಯಾಹ್ನ.

ಅವನ ಮನೆಯ ಬಾಗಿಲು ತೆರೆದವಳು ಅಕ್ಕ. ಅತ್ತು ಅತ್ತು ಮುಖ ಊದಿಕೊಂಡಿತ್ತು.

“ನೀನೇನಾ ಕತ್ತರಿ? ಬಾ ಒಳಗೆ. ಅಮ್ಮ ನಿನ್ನ ವಿಷಯ ಹೇಳಿ ಹೇಳಿ ನಗೋರು. ನನ್ನ ಮಗನಿಗೆ ಕೊನೆಗೂ ಕಿವಿ ಹಿಂಡೋಳು ಸಿಕ್ಕಳು ಅಂತ.”

ಆ ಮಾತು ಅವಳನ್ನು ಇನ್ನಷ್ಟು ಕುಗ್ಗಿಸಿತು.

ಎರಡೇ ರೂಮಿನ ಮನೆ. ಒಂದರಲ್ಲಿ ಹಾಸಿಗೆ ತೆಗೆದ ಬರೀ ಮಂಚ. ಪಕ್ಕದಲ್ಲಿ ಸಣ್ಣ ಪೆಟ್ಟಿಗೆಯಷ್ಟು ಎತ್ತರದ ಮಷೀನು, ಅದರ ಮೇಲೆ ಸುತ್ತಿಟ್ಟ ಪ್ಲಾಸ್ಟಿಕ್ ಕೊಳವೆ. ಬಾಡಿಗೆಗೆ ಕೊಟ್ಟವರು ಇನ್ನೂ ಬಂದು ಒಯ್ದಿರಲಿಲ್ಲ. ಅವನು ಕಿಟಕಿಯ ಹತ್ತಿರ ಕುಳಿತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ಎದ್ದು ನಿಂತ, ಮತ್ತೆ ಕುಳಿತ.

“ನನಗೆ ಗೊತ್ತಿರ್ಲಿಲ್ಲ,” ಎಂದಳು. “ಆ ಮೆಸೇಜುಗಳು... ನೀವು ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಎಲ್ಲರೂ ಪಾಪ ಅಂತಾರೆ. ಬೈಯೋರು ಒಬ್ಬರಾದ್ರೂ ಇರ್ಲಿ ಅನ್ನಿಸ್ತು.”

ಆಮೇಲೆ ಅವನು ತಲೆ ಎತ್ತಿ ಅವಳನ್ನು ನೇರವಾಗಿ ನೋಡಿದ.

“ನೀವು ಆ ಕಥೆ ಪೂರ್ತಿ ಕೇಳಿದ್ರಿ ಅಲ್ವಾ? ಅದರಲ್ಲಿ ಅಮ್ಮ ಕರೆದಿದ್ದು ಕೇಳಿಸ್ತಾ?”

ಅವಳು ಮಷೀನಿನ ಕಡೆ ನೋಡಿದಳು.

“ಅರ್ಧ ಪುಟ ಉಳಿದಿತ್ತು,” ಎಂದ ಅವನು. “ಕರೆದ ಹಾಗಾಯ್ತು. ನಿಲ್ಲಿಸಿದ್ರೆ ಮತ್ತೆ ಮೊದಲಿಂದ ಓದ್ಬೇಕಲ್ಲ ಅಂತ ಮುಂದೆ ಓದಿದೆ. ಮುಗಿಸಿ, ನಿಮಗೆ ಕಳಿಸಿ, ಆಮೇಲೆ ಬಾಗಿಲು ತೆಗೆದೆ. ಅಷ್ಟರಲ್ಲಿ...”

ಅವನು ಮಂಚದ ಕಡೆ ಕೈ ತೋರಿಸಿದ.

“ಡಾಕ್ಟ್ರು ಹೇಳಿದ್ರಲ್ಲ, ನಿದ್ದೆಯಲ್ಲೇ ಹೋದ್ರು ಅಂತ,” ಅಕ್ಕ ಅಡುಗೆಮನೆಯ ಬಾಗಿಲಿಂದ ಹೇಳಿದಳು. “ಯಾಕೋ ಸುಮ್ನೆ ಜೀವ ತಿಂತೀಯ?”

“ಎಲ್ಲರೂ ಹಾಗೇ ಅಂತಾರೆ. ಅದನ್ನ ಹಾಕಿ ಕೇಳೋಕೆ ನನಗೆ ಧೈರ್ಯ ಇಲ್ಲ. ಇವರು ಕೇಳಿದ್ದಾರೆ. ಇವರ ಕಿವಿಗೆ ಏನೂ ತಪ್ಪಲ್ಲ.”

ಅವಳು ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

“ಆವತ್ತು ನಾನು ಸರಿಯಾಗಿ ಕೇಳ್ಲಿಲ್ಲ,” ಎಂದಳು. “ನಿಮ್ಮ ದನಿಯಲ್ಲೇ ಮುಳುಗಿಹೋಗಿದ್ದೆ. ತಪ್ಪು ಹುಡುಕೋದೇ ಮರೆತೆ. ನನಗೆ ನೀವು ಇಷ್ಟ. ಇಂಥ ಹೊತ್ತಲ್ಲಿ ಹೇಳ್ಬಾರದು, ಆದ್ರೆ ನಿಜ ಕಾರಣ ಅದೇ.”

ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. “ಹಾಗಾದ್ರೆ ಈಗ ಕೇಳಿ,” ಎಂದಷ್ಟೇ ಹೇಳಿದ.

ಚೀಲದಿಂದ ಹೆಡ್‌ಫೋನ್ ತೆಗೆದು ಫೋನಿಗೆ ಸಿಕ್ಕಿಸಿದಳು. ಬರಿಯ ಮಂಚದ ಅಂಚಿನಲ್ಲಿ ಕುಳಿತಳು. ದನಿ ಪೂರ್ತಿ ಏರಿಸಿ, ಮೈಯೆಲ್ಲ ಕಿವಿಯಾಗಿ ಕೇಳಿದಳು. ಬೀಗದ ಮುದುಕ ಬಂದ. ಎಣ್ಣೆ ಬಿಟ್ಟ. ಅವಳಿಗೆ ಈಗ ಕಥೆ ಬೇಡವಾಗಿತ್ತು, ಕಥೆಯ ಹಿಂದಿನ ಗೋಡೆ ಬೇಕಿತ್ತು. ಗೋಡೆಯ ಆಚೆ ಸಣ್ಣಗೆ, ತೀರ ಸಣ್ಣಗೆ ಆ ಗುಂಯ್ ಕೂಡ ಇತ್ತು.

ಕೊನೆಯ ಪುಟ ತಿರುವಿದ ಸದ್ದು. ಅದಾದ ಮೇಲೆ...

ಹಿಂದೆ ಸರಿಸಿ ಮತ್ತೆ ಕೇಳಿದಳು. ಮತ್ತೊಮ್ಮೆ.

ತಲೆ ಎತ್ತಿದಾಗ ಅವನ ಹಿಂದೆ ನಿಂತಿದ್ದ ಅಕ್ಕ ಕೈ ಮುಗಿದು, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಅಕ್ಕನ ಕಣ್ಣಿಂದ ಧಾರೆ ಇಳಿಯುತ್ತಿತ್ತು. ಅಂದರೆ ಅಕ್ಕ ಆಗಲೇ ಅದನ್ನು ಕೇಳಿದ್ದಳು.

‘ಏನೂ ಇಲ್ಲ ಅಂದುಬಿಡಲಾ? ಒಂದು ಮಾತು. ಇವನು ಇವತ್ತಾದರೂ ಮಲಗ್ತಾನೆ...’

ಆದರೆ ಅವನು ಎಲ್ಲರನ್ನೂ ಬಿಟ್ಟು ಅವಳನ್ನು ಕೇಳಿದ್ದ.

“ಕರೆದಿದ್ದಾರೆ,” ಎಂದಳು. “ಪುಟ್ಟಾ ಅಂತ. ಒಂದೇ ಸಲ.”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನೋವಲ್ಲಿ ಕೂಗಿದ ಹಾಗೆ ಇಲ್ಲ. ಊಟ ಆಯ್ತಾ ಅಂತ ಕೇಳೋಕೆ ಕರೆದ ಹಾಗಿದೆ. ನನಗೆ ಹಾಗೆ ಅನ್ನಿಸ್ತಾ, ನಿಜವಾಗ್ಲೂ ಹಾಗೇನಾ... ಅದು ಮಾತ್ರ ಗೊತ್ತಿಲ್ಲ.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಷ್ಟು ದಿನದಿಂದ ಒಣಗಿ ಕೂತಿದ್ದ ಅಳು ಒಮ್ಮೆಲೇ ಬಂತು, ನೋಡುವವರ ಕರುಳು ಕಿತ್ತುಬರುವ ಹಾಗೆ.

“ನಿನಗೆ ಮನುಷ್ಯತ್ವ ಇದೆಯೇನೇ?” ಅಕ್ಕ ಅವಳ ಮೇಲೆ ಹರಿಹಾಯ್ದಳು. “ಹೇಳದೇ ಇದ್ದಿದ್ರೆ ಏನು ಗಂಟು ಹೋಗ್ತಿತ್ತು?”

“ಬಿಡು ಅಕ್ಕಾ...” ಅವನು ಅಳುತ್ತಲೇ ಹೇಳಿದ. “ನೀನು ಇಲ್ಲ ಅಂದೆ, ಡಾಕ್ಟ್ರು ಇಲ್ಲ ಅಂದ್ರು. ನನ್ನ ಕಿವಿಯಲ್ಲಿ ಮಾತ್ರ ಹಗಲೂ ರಾತ್ರಿ ಕರೀತಾನೇ ಇದ್ರು. ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ಕೆಟ್ಟಿಲ್ಲ ಅಂತ ಈಗ ಗೊತ್ತಾಯ್ತು.”

ಅಕ್ಕ ಗೋಡೆಗೆ ಒರಗಿ ಕುಳಿತುಬಿಟ್ಟಳು. ಅವಳಲ್ಲಿ ಬೈಯುವ ಶಕ್ತಿಯೂ ಉಳಿದಿರಲಿಲ್ಲ.

ಮಂಚದ ಅಂಚಿನಲ್ಲಿದ್ದವಳು ಎದ್ದು ಹೋಗಿ ಅವನ ಮುಂದೆ ನೆಲದ ಮೇಲೆ ಕುಳಿತಳು.

“ಬಾಗಿಲು ಹಾಕಿಸಿದವಳು ನಾನು. ಅರ್ಧ ಪುಟ ನಿಮ್ಮದು, ಬಾಗಿಲು ನನ್ನದು. ಇದನ್ನ ನೀವೊಬ್ಬರೇ ಹೊರಬೇಡಿ. ನನಗೂ ಪಾಲಿದೆ.”

ಅವನು ಮುಖದಿಂದ ಕೈ ತೆಗೆದ.

“ಅದನ್ನ ಜನಕ್ಕೆ ಹಾಕ್ಬೇಡಿ,” ಎಂದ. “ಅಮ್ಮನ ದನಿ ನನ್ನ ಹತ್ರ ಇರ್ಲಿ.”

“ಅಮ್ಮ ಹೋದ ಮಧ್ಯಾಹ್ನ ಓದಿದ್ದು ಅಂತ ಗೊತ್ತಾದ ಕೂಡ್ಲೇ ತೆಗೆಸಿ ಬಂದೆ. ಆ ಕಥೆ ಯಾರು ಓದ್ಬೇಕು ಅಂತ ಮೇಷ್ಟ್ರು ಆಮೇಲೆ ನೋಡ್ಕೊಳ್ತಾರೆ.”

“ಬೇರೆಯವರು ಬೇಡ. ನಾನೇ ಓದ್ತೀನಿ. ಈಗಲ್ಲ. ಯಾವಾಗ ಅಂತ ಗೊತ್ತಿಲ್ಲ. ಓದೋವಾಗ ನಡುವೆ ಗಂಟಲು ಕಟ್ಟಿದ್ರೆ?”

“ನಿಲ್ಲಿಸಿ. ನಾನು ಅಲ್ಲೇ ಕೂತಿರ್ತೀನಿ.”

ಹೊರಗೆ ಯಾರೋ ಮೆಟ್ಟಿಲು ಹತ್ತಿ ಹೋದರು. ಅಕ್ಕ ಮೂಗೊರೆಸಿಕೊಂಡು ಎದ್ದು, ಮೂರು ಲೋಟ ಚಹಾಕ್ಕೆ ನೀರಿಟ್ಟಳು.

ಅವನು ನಿಧಾನವಾಗಿ ಕೈ ಚಾಚಿದ. ಸ್ಪ್ಯಾನರು ಹಿಡಿದು ಗಂಟುಗಟ್ಟಿದ ಕೈ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇಂಥವನ ಜೊತೆ ಇರೋದು ಸುಲಭ ಅಲ್ಲ,” ಎಂದ. ಆಮೇಲೆ ಮೊದಲ ಸಲ ಏಕವಚನದಲ್ಲಿ, ಹೆದರಿ ಹೆದರಿ ಕೇಳಿದ. “ನನ್ನ ಬಿಟ್ಟು ಹೋಗಲ್ವಾ ನೀನು?”

“ಹೋಗೋಳಾಗಿದ್ರೆ, ಏನೂ ಕೇಳಿಸ್ಲಿಲ್ಲ ಅಂತ ಹೇಳಿ ಹೋಗಿರ್ತಿದ್ದೆ.”