ಮದುಮಗಳ ಜಾಗದಲ್ಲಿ ನಿಂತವಳು

ಆ ದ್ವೀಪವನ್ನು ಸ್ವರ್ಗ ಎಂದವರ ಬಾಯಿಗೆ ಒಂದು ಹಿಡಿ ಮರಳು ಹಾಕಬೇಕು ಎಂದು ದೋಣಿ ಇಳಿಯುವಾಗಲೆಲ್ಲ ಮೇಕಪ್ ಹುಡುಗಿಗೆ ಅನ್ನಿಸುತ್ತಿತ್ತು. ಬಿಳಿ ಮರಳು, ತಿಳಿನೀಲಿ ನೀರು, ನೀರಿನ ಮೇಲೆ ಬಾಗಿದ ತೆಂಗಿನಮರ, ಎಲ್ಲ ನಿಜವೇ. ಆದರೆ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಅಲ್ಲಿಗೆ ಬರುತ್ತಿದ್ದ ಜೋಡಿಗಳಿದ್ದವಲ್ಲ! ದೋಣಿಯಲ್ಲಿ ದಾರಿಯುದ್ದಕ್ಕೂ ಹಾವು ಮುಂಗುಸಿಯಂತೆ ಕಿತ್ತಾಡಿದವರು ಕ್ಯಾಮೆರಾ ಕಂಡೊಡನೆ ಹಾಲು ಜೇನು. ಮರಳಿನಲ್ಲಿ ಹೃದಯ ಬರೆಯದೆ ಹೋದ ಪುಣ್ಯಾತ್ಮರನ್ನು ಅವಳು ಇನ್ನೂ ಕಂಡಿರಲಿಲ್ಲ.

ಎಲ್ಲರಿಗಿಂತ ಹೆಚ್ಚಿನ ತಾತ್ಸಾರ ಫೋಟೊಗ್ರಾಫರ್ ಮೇಲೆ. ಅವನಿಗೆ ಅವಳಿಟ್ಟ ಹೆಸರು ಸ್ಮೈಲ್‌ಪ್ಲೀಸ್. "ಸರ್, ಕಣ್ಣಲ್ಲೇ ಎಲ್ಲ ಹೇಳಿಬಿಡಿ," ಎಂದು ಊರ ಗಂಡುಗಳಿಗೆಲ್ಲ ಪ್ರೀತಿ ಹೇಳಿಕೊಡುವ ಪಂಡಿತ. ತನ್ನ ವಿಷಯಕ್ಕೆ ಬಂದರೆ ಬಾಯಿಗೆ ಬೀಗ. ದೋಣಿಯಲ್ಲಿ ನೀರು ಸಿಡಿಯದ ಕಡೆ ಅವಳನ್ನು ಕೂರಿಸುತ್ತಿದ್ದ, ಅವಳ ಮೇಕಪ್ ಪೆಟ್ಟಿಗೆ ಹೊರುತ್ತಿದ್ದ, ಕದ್ದು ನೋಡುತ್ತಿದ್ದ. ಅವಳು ತಿರುಗಿ ನೋಡಿದರೆ ಲೆನ್ಸ್ ಒರೆಸುತ್ತಿದ್ದ. ಆ ಲೆನ್ಸ್ ಸವೆದು ಹೋಗದಿದ್ದದ್ದೇ ಪವಾಡ.

ಇವತ್ತು ಬೆಳಗ್ಗೆ ಅವಳ ಅತ್ತಿಗೆಯ ಫೋನ್ ಬಂದಿತ್ತು. "ಹುಡುಗನ ಮನೆಯವರು ಸಂಜೆ ಉತ್ತರ ಕೇಳ್ತಾರಮ್ಮ. ಏನು ಹೇಳ್ಲಿ?"

"ಸಂಜೆ ನಾನೇ ಹೇಳ್ತೀನಿ ಅತ್ತಿಗೆ."

ದೋಣಿಯಲ್ಲಿ ಅದನ್ನು ಬೇಕೆಂದೇ ಅವನ ಕಿವಿಗೆ ಹಾಕಿದಳು. "ನಂಗೆ ಗಂಡು ಗೊತ್ತಾಗಿದೆ. ಸಂಜೆ ಹೂಂ ಅಂತಿದೀನಿ."

"ಓ. ಕಂಗ್ರಾಟ್ಸ್," ಎಂದು ಅವನು ಲೆನ್ಸ್ ಒರೆಸತೊಡಗಿದ.

ಥೂ, ಇವನೂ ಒಬ್ಬ ಗಂಡಸೇ ಎಂದುಕೊಂಡಳು. ಕಣ್ಣು ಉರಿಯಿತು. ಉಪ್ಪುನೀರಿನ ಗಾಳಿಗೆ ಎಂದು ಸಮಾಧಾನ ಮಾಡಿಕೊಂಡಳು.

ಅವರ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಬಿಸಿಲಿಗೆ ಮೇಕಪ್ ಕರಗಬಾರದೆಂದು ಮದುಮಗಳು ಕೊಡೆಯ ಕೆಳಗೇ ಇರಬೇಕು. ಅವಳ ಜಾಗದಲ್ಲಿ ಮೇಕಪ್ ಹುಡುಗಿ ನಿಲ್ಲಬೇಕು. ಫೋಟೊಗ್ರಾಫರ್ ಒಂದೆರಡು ಕ್ಲಿಕ್ ಮಾಡಿ ಬೆಳಕು ನೋಡಿಕೊಂಡ ಮೇಲೆ ಇವಳು ಸರಿಯಬೇಕು, ಮದುಮಗಳು ಬರಬೇಕು.

ಇಂದಿನ ಮದುಮಗ ಶೂ ಒಳಗೆ ಮರಳು ಹೊಕ್ಕಿತೆಂದು ಸಮುದ್ರವನ್ನೇ ಬೈಯುತ್ತಿದ್ದ. ಮದುಮಗಳಿಗೆ ಪಕ್ಕದ ಜೋಡಿ ಬರೆದ ಹೃದಯಕ್ಕಿಂತ ದೊಡ್ಡದು ಬೇಕಿತ್ತು. ಇಬ್ಬರಿಗೂ ಮುಳುಗುವ ಸೂರ್ಯ ಹಿಂದಿರಲೇಬೇಕಿತ್ತು. ಮೇಕಪ್ ಹುಡುಗಿ ಹೋಗಿ ನೀರೊಳಕ್ಕೆ ಚಾಚಿದ ಮರಳಿನ ತುದಿಯಲ್ಲಿ ನಿಂತಳು.

ಕ್ಲಿಕ್.

"ಆಯ್ತಾ?"

"ಇನ್ನೊಂದು."

"ನಾನೇನು ಕಂಬಾನಾ?"

"ಕಂಬ ಹೀಗೆ ಗುರಾಯಿಸಲ್ಲ."

ನಗು ಬಂದುಬಿಟ್ಟಿತು. ಬಂದದ್ದಕ್ಕೆ ಕೋಪಿಸಿಕೊಂಡು ಮುಖ ತಿರುಗಿಸಿದಳು. ಕ್ಲಿಕ್. ಗಾಳಿಗೆ ಕೂದಲು ಬಾಯಿಗೆ ಬಂತು, ಉಗಿದಳು. ಅದಕ್ಕೂ ಕ್ಲಿಕ್. ಅವನು ಮೊಣಕಾಲುದ್ದ ನೀರಿಗಿಳಿದಿದ್ದ, ಅದರ ಪರಿವೆಯೂ ಅವನಿಗಿರಲಿಲ್ಲ. ಅವಳ ಬೆನ್ನ ಹಿಂದೆ ಸೂರ್ಯ ಕೆಂಪಾಗಿ, ಇಳಿದು, ಪೂರ್ತಿ ಹೋಗಿಯೇಬಿಟ್ಟ.

"ಅಣ್ಣಾ! ಮದುವೆ ನಮ್ದು!" ಎಂದು ಕೊಡೆಯ ಕೆಳಗಿನಿಂದ ಮದುಮಗಳು ಕಿರುಚಿದಳು.

ಮದುಮಗ ಶೂ ಕೈಯಲ್ಲಿ ಹಿಡಿದು ಓಡಿಬಂದ. "ಏನ್ರೀ ಇದು? ನಮ್ಮ ಫೋಟೊ?"

"ಮರ್ತೋಯ್ತು ಸರ್."

"ಏನು ಮರ್ತೋಯ್ತು?"

"ನೀವಿರೋದು."

ಬೆಳಗ್ಗೆಯಿಂದ ಒಂದು ಮಾತಿಗೂ ಒಪ್ಪದ ಜೋಡಿ ಅವನನ್ನು ಬೈಯುವುದರಲ್ಲಿ ಒಂದಾಯಿತು. ನಾಳೆ ಬೆಳಗ್ಗೆ ಸೂರ್ಯ ಹುಟ್ಟುವಾಗ ತೆಗೆದುಕೊಡುತ್ತೇನೆಂದು ಅವನು ಕೈಮುಗಿದ ಮೇಲೆ, ಗೊಣಗುತ್ತ ದ್ವೀಪದ ರೆಸಾರ್ಟಿನ ರೂಮಿಗೆ ಹೋದರು. ಅವನ ಕೈ ಲೆನ್ಸ್ ಬಟ್ಟೆಗೆ ಹೋಯಿತು. ಅವಳು ಅದನ್ನು ಕಿತ್ತುಕೊಂಡಳು.

"ಊರಿಗೆಲ್ಲ ಪಾಠ ಮಾಡ್ತೀರಲ್ಲ, ನಿಮ್ಮ ಬಾಯಲ್ಲಿ ಒಂದು ಮಾತು ಬರಲ್ವಾ? ನಾನೀಗ ಫೋನ್ ಮಾಡ್ಬೇಕು."

"ಹೂಂ ಅನ್ಬೇಡಿ."

"ಯಾಕೆ?"

"ಅವನು ಒಳ್ಳೆಯವನೇ ಇರ್ಬೇಕು. ಆದ್ರೂ ಬೆಳಗ್ಗೆಯಿಂದ ಹೊಟ್ಟೆ ಉರೀತಿದೆ ನಂಗೆ. ನೀವಂದ್ರೆ ಇಷ್ಟ. ತುಂಬ ಇಷ್ಟ. ನನ್ನನ್ನ ಮದುವೆ ಆಗ್ತೀರಾ?"

"ಇಷ್ಟೇನಾ? ಇದಕ್ಕೆ ಇಡೀ ಸೀಸನ್ ಬೇಕಾಯ್ತಾ?"

"ಹೆದ್ರಿಕೆ. ನೀವು ಎಲ್ಲರನ್ನೂ ಬೈತೀರಿ."

"ಇನ್ನೇನು, ಪೂಜೆ ಮಾಡ್ಲಾ?" ಎನ್ನುತ್ತಲೇ ಅವಳು ಫೋನ್ ಕಿವಿಗಿಟ್ಟಳು. "ಅತ್ತಿಗೆ, ಬೇಡ ಅಂತ ಹೇಳಿಬಿಡಿ."

"ಯಾಕಮ್ಮ? ಅಷ್ಟು ಒಳ್ಳೇ ಹುಡುಗ!"

ಪ್ಯಾಂಟು ಒದ್ದೆಯಾಗಿ, ಕಿವಿ ಕೆಂಪಾಗಿ ನಿಂತಿದ್ದವನನ್ನು ಅವಳು ಅಡಿಯಿಂದ ಮುಡಿಯವರೆಗೆ ನೋಡಿದಳು. ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ.

"ಇಲ್ಲೊಬ್ಬ ದಡ್ಡ ಸಿಕ್ಕಿದಾನೆ ಅತ್ತಿಗೆ. ನಂಗೆ ಇವನೇ ಬೇಕು."

ಹೇಳುವಾಗ ದನಿ ನಡುಗಿತು. ಅದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.